ತೇದಿಯ ಪಕ್ಕದ ಚುಕ್ಕೆ

ತೋರ್ಲೈಫ್ ಮೊಸ್ಬಾಕ್ ಐವತ್ತೇಳು ವರ್ಷದ ಬಾಳಿನಲ್ಲಿ ಮನೆ ಕಟ್ಟಲಿಲ್ಲ, ಮದುವೆಯಾಗಲಿಲ್ಲ, ದೋಣಿ ಕೊಳ್ಳಲಿಲ್ಲ. ನಾರ್ವೆಯ ಟ್ರೊಂಡ್‌ಹೈಮ್ ಊರಿನ ನೀರು ಸರಬರಾಜು ಕಚೇರಿಯಲ್ಲಿ ಮೂವತ್ತು ವರ್ಷ ಕೊಳವೆಗಳ ನಕ್ಷೆ ನೋಡಿಕೊಂಡ. ಹನ್ನೊಂದೂವರೆಗೆ ಕಂದು ಚೀಸಿನ ಬ್ರೆಡ್ಡಿನ ಪೊಟ್ಟಣ ಬಿಚ್ಚಿದ, ಗುರುವಾರ ಸಂಜೆ ಬ್ಯಾಂಡಿನಲ್ಲಿ ಟ್ಯೂಬಾ ಊದಿದ. ಟ್ಯೂಬಾ ಊದುವವನ ಮುಖವನ್ನು ಯಾರೂ ನೋಡುವುದಿಲ್ಲ. ವಾದ್ಯವೇ ಅವನನ್ನು ಮುಚ್ಚಿರುತ್ತದೆ. ಇಂಥ ಮನುಷ್ಯ ನನ್ನದು ಎಂದು ಹೇಳಿಕೊಳ್ಳಲು ಒಂದೇ ಒಂದನ್ನು ಕಟ್ಟಿದ್ದ. ಅದು ಒಂದು ಭಾಷೆ.

ಭಾಷೆಯೆಂದರೆ ಮಾತಾಡುವ ಭಾಷೆಯಲ್ಲ. ಹದಿನಾಲ್ಕು ವರ್ಷದ ಹಿಂದೆ ಸಿಗ್ರುನ್ ಎಂಬ ಸಂಗೀತದ ಟೀಚರು ನಾಲ್ಕು ಜನರನ್ನು ಕಟ್ಟಿಕೊಂಡು ‘ಹಿಲ್ಲಾ’ ಎಂಬ ತಂತ್ರಾಂಶ ಶುರುಮಾಡಿದ್ದಳು. ಶಾಲಾ ಬ್ಯಾಂಡುಗಳಲ್ಲಿ ಯಾವ ಹುಡುಗಿಯ ಬಳಿ ಯಾವ ವಾದ್ಯವಿದೆ, ಯಾವ ಸ್ವರಪತ್ರ ಯಾವ ಕಪಾಟಿನಲ್ಲಿದೆ, ಯಾರ ಕೋಟು ಯಾರಿಗೆ ಗಿಡ್ಡವಾಯಿತು ಎಂದು ನೋಡಿಕೊಳ್ಳುವ ತಂತ್ರಾಂಶ ಅದು. ಸಂಬಳವಿಲ್ಲ, ಎಲ್ಲರೂ ಕೈಜೋಡಿಸಿ ಮಾಡುವ ಕೆಲಸ. ಅದನ್ನು ಬಳಸುವುದು ಹೇಗೆ ಎಂದು ತಿಳಿಸಲು, ಯಾರು ಬೇಕಾದರೂ ತಿದ್ದಬಹುದಾದ ಪುಟಗಳ ಒಂದು ವಿಕಿ ಬೇಕಾಯಿತು. ವಿಕಿಯ ಪುಟ ಬರೆಯುವಾಗ ಇದು ತಲೆಬರಹ, ಇದು ದಪ್ಪ ಅಕ್ಷರ, ಇದು ಒಂದು ಎರಡು ಮೂರು ಎಂಬ ಪಟ್ಟಿ ಎಂದು ಯಂತ್ರಕ್ಕೆ ಹೇಳಲು ಗುರುತುಗಳು ಬೇಕು. ಆಗ ಎಲ್ಲರೂ ಒಪ್ಪಿದ ಗುರುತುಗಳು ಇರಲಿಲ್ಲ. ತೋರ್ಲೈಫ್ ಒಂದಿಡೀ ಚಳಿಗಾಲ ಕೂತು ತಾನೇ ಮಾಡಿದ. ಎಲ್ಲರೂ ಅದನ್ನು ‘ತೋರ್ಲೈಫ್ ಭಾಷೆ’ ಎಂದು ಕರೆದರು. ಮೊದಲು ತಮಾಷೆಗೆ, ಆಮೇಲೆ ರೂಢಿಗೆ.

ಅದರಲ್ಲಿ ಒಂದು ನಿಯಮಕ್ಕೆ ಅವನು ಎರಡು ಶನಿವಾರ ತಲೆ ಕೆಡಿಸಿಕೊಂಡಿದ್ದ. ಅಂಕಿ ಹಾಕಿದ ಪಟ್ಟಿ ಬೇಕಾದರೆ ಸಾಲಿನ ಮೊದಲು ಅಂಕಿಯನ್ನೇ ಬರೆಯಬಾರದು, # ಗುರುತು ಇಡಬೇಕು, ಅಂಕಿಯನ್ನು ಯಂತ್ರವೇ ಹಾಕಿಕೊಳ್ಳುತ್ತದೆ ಎಂಬ ನಿಯಮ. ಹೀಗೇಕೆ ಎಂದು ಒಂದು ಸಂಜೆ ಸಿಗ್ರುನ್‌ಗೆ ವಿವರಿಸಲು ಹೋದ. ಅವಳು ಕೋಟಿನ ಜೇಬು, ಚೀಲ, ಪಿಯಾನೋದ ಹಿಂದೆ ಎಲ್ಲ ಕಡೆ ತನ್ನ ಎಡಗೈಯ ಗವಸು ಹುಡುಕುತ್ತಿದ್ದಳು. ‘ಹೂಂ, ಹೂಂ’ ಅಂದಳು. ಆಮೇಲೆ ಅವನು ಯಾರಿಗೂ ಅದನ್ನು ಹೇಳಲು ಹೋಗಲಿಲ್ಲ.

ಪ್ರತಿ ಪುಟದ ಕೆಳಗೂ ‘ತೊಂದರೆಯಾದರೆ ತೋರ್ಲೈಫ್‌ಗೆ ಫೋನ್ ಮಾಡಿ’ ಎಂದು ಬರೆದು ತನ್ನ ನಂಬರು ಕೊಟ್ಟಿದ್ದ. ವಾರಕ್ಕೆ ಎರಡು ಮೂರು ಕರೆ ಬರುತ್ತಿದ್ದವು. ಯಾವುದೋ ಕಣಿವೆಯ ಬ್ಯಾಂಡಿನ ಕಾರ್ಯದರ್ಶಿ, ಯಾವುದೋ ದ್ವೀಪದ ಡ್ರಮ್ ಮೇಷ್ಟ್ರು. ದಪ್ಪ ಅಕ್ಷರ ಹೇಗೆ, ಕೊಂಡಿ ಹೇಗೆ. ‘ಊಟಕ್ಕೂ ಬಿಡಲ್ಲ ಈ ಜನ’ ಎಂದು ಕಚೇರಿಯಲ್ಲಿ ಗೊಣಗುತ್ತಿದ್ದ. ಒಂದು ವಾರ ಕರೆ ಬಾರದಿದ್ದರೆ ಫೋನ್ ಸರಿಯಿದೆಯೇ ಎಂದು ತಂಗಿಗೆ ಕರೆ ಮಾಡಿ ನೋಡುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವನಿಗೆ ಹೆಗ್ಗಣದ ಮೀಸೆಯೂ ಮುದ್ದು. ವಿಕಿ ಆರುನೂರ ಹನ್ನೆರಡು ಪುಟಕ್ಕೆ ಬೆಳೆದಿತ್ತು, ಅದರಲ್ಲಿ ಐನೂರು ಅವನದೇ.

ಅಂಥ ಹೊತ್ತಿಗೆ ಬರ್ಗೆನ್‌ನಿಂದ ಆನಿಕೆನ್ ಬಂದಳು. ಮೂವತ್ತೊಂದು ವರ್ಷ, ಕ್ಲಾರಿನೆಟ್ ನುಡಿಸುತ್ತಾಳೆ, ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ಬರ್ಗೆನ್ನಿನವರು ಪಿಸುಗುಟ್ಟಿದರೂ ಪಕ್ಕದ ಬೀದಿಗೆ ಕೇಳುತ್ತದೆ ಎಂದು ನಮ್ಮ ಊರಿನಲ್ಲಿ ಆಡಿಕೊಳ್ಳುತ್ತೇವೆ. ಇವಳು ಪಿಸುಗುಟ್ಟುವ ಗೋಜಿಗೇ ಹೋಗಲಿಲ್ಲ. ಹಿಲ್ಲಾದವರು ಸೇರುವುದು ಮಂಗಳವಾರ ಸಂಜೆ ಆರಕ್ಕೆ, ಸಿಗ್ರುನ್ ಶಾಲೆಯ ಸಂಗೀತದ ಕೋಣೆಯಲ್ಲಿ. ಹದಿನಾಲ್ಕು ವರ್ಷದಿಂದ ವಾಫಲ್ ಎಂಬ ಸಿಹಿ ದೋಸೆಗೆ ಏಲಕ್ಕಿ ಹಾಕಿದ ಹಿಟ್ಟು ಕಲಸಿ ತರುವುದು ತೋರ್ಲೈಫನ ಪಾಲು. ಆನಿಕೆನ್ ಎರಡನೇ ವಾರವೇ ತನ್ನ ಊರಿನ ದಾಲ್ಚಿನ್ನಿ ಬನ್ನು ಮಾಡಿಕೊಂಡು ಬಂದಳು. ಆ ದಿನ ಅರ್ಧ ಡಬ್ಬಿ ಹಿಟ್ಟು ಉಳಿಯಿತು. ಅವನು ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ವಾಪಸ್ಸು ತಂದ.

ಬಸ್ಸಿನಲ್ಲಿ ಏಕೆಂದರೆ ಆ ಸಂಜೆ ಸಿಗ್ರುನ್ ಅವನನ್ನು ಕಾರಿನಲ್ಲಿ ಬಿಡಲಿಲ್ಲ. ‘ತೋರ್ಲೈಫ್, ಇವತ್ತೊಂದಿನ ಬಸ್ಸಲ್ಲಿ ಹೋಗ್ತೀಯಾ? ಆನಿಕೆನ್ ಮನೆಯಿಂದ ಒಂದಿಷ್ಟು ಸ್ವರಪತ್ರ ತರ್ಬೇಕು’ ಅಂದಳು. ಒಂದು ದಿನ ಎಂದದ್ದು ತಿಂಗಳಾಯಿತು. ಸಿಗ್ರುನ್‌ಳ ಹಳೆಯ ಕೆಂಪು ಕಾರಿನ ಮುಂದಿನ ಸೀಟು ಅವನಿಗೆ ಎಷ್ಟು ಒಗ್ಗಿತ್ತೆಂದರೆ ಅದನ್ನು ಹಿಂದಕ್ಕೆ ಸರಿಸುವ ಹಿಡಿಕೆ ಕತ್ತಲಲ್ಲೂ ಕೈಗೆ ಸಿಗುತ್ತಿತ್ತು. ಈಗ ಆ ಸೀಟನ್ನು ಯಾರೋ ಮುಂದಕ್ಕೆ ಎಳೆದುಕೊಂಡಿದ್ದರು. ಅವನು ಸಿಗ್ರುನ್‌ಳನ್ನು ಪ್ರೀತಿಸುತ್ತಿದ್ದನೇ ಎಂದು ನೀವು ಕೇಳಬಹುದು. ಅವನು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಅವಳು ಹೊಸಬರಿಗೆ ಪರಿಚಯ ಮಾಡಿಸುವಾಗ ‘ಇವನು ನಮ್ಮ ತೋರ್ಲೈಫ್’ ಅನ್ನುವುದು ಸಾಕಾಗಿತ್ತು.

ಫೆಬ್ರವರಿಯ ಒಂದು ಮಂಗಳವಾರ ಆನಿಕೆನ್ ಬನ್ನಿನ ಸಕ್ಕರೆ ಬೆರಳಿನಿಂದ ಒರೆಸಿಕೊಳ್ಳುತ್ತ ಮಾತು ತೆಗೆದಳು.

‘ವಿಕಿ ಗುರುತುಗಳ್ನ ಮಾರ್ಕ್‌ಡೌನ್‌ಗೆ ಬದಲಾಯಿಸೋಣ್ವಾ? ಈಗ ಎಲ್ಲಾ ಕಡೆ ಅದೇ ನಡೀತಿರೋದು. ಹೊಸಬರು ಬಂದ್ರೆ ಮೊದಲು ಒಂದು ವಾರ ನಮ್ಮ ಗುರುತು ಕಲಿಯೋದ್ರಲ್ಲೇ ಹೋಗುತ್ತೆ. ನಂಗೂ ಹೋಯ್ತು.’

‘ಕೇಳಿದ್ರೆ ನಾನು ಹೇಳಿಕೊಡ್ತೀನಲ್ಲ’ ಅಂದ ತೋರ್ಲೈಫ್.

‘ಅದನ್ನೇ ನಾನೂ ಹೇಳ್ತಿರೋದು. ನಿನಗೂ ಆ ಕಾಟ ತಪ್ಪುತ್ತೆ.’

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಅವನಿಗೆ ಉರಿದದ್ದು ಅದಕ್ಕೇ.

ಪೋಲ್ ಎಂಬುವನು ಮೇಜಿನ ತುದಿಯಲ್ಲಿ ಕೂತಿದ್ದ. ಬಸ್ ಚಾಲಕ, ಕಾರ್ಮಿಕ ಸಂಘದವನು, ಟ್ರೊಂಬೋನ್ ಊದುತ್ತಾನೆ, ಬಾಯಿ ಸುಮ್ಮನಿರದು. ‘ಬರೆಯೋಕೆ ಎರಡು ಥರ ನಾರ್ವೇಜಿಯನ್ ಇಟ್ಕೊಂಡು ನೂರು ವರ್ಷದಿಂದ ಕಚ್ಚಾಡ್ತಿದ್ದೀವಿ. ಸಾಲದು ಅಂತ ತೋರ್ಲೈಫ್ ಮೂರನೇದು ಕೊಟ್ಟ. ಈಗ ಬರ್ಗೆನ್ನಿಂದ ನಾಲ್ಕನೇದು ಬಂತು ನೋಡ್ರಪ್ಪ.’

‘ಸುಮ್ನಿರೋ ಪೋಲ್’ ಅಂದಳು ಸಿಗ್ರುನ್, ಆದರೆ ನಕ್ಕಳು.

ತೋರ್ಲೈಫ್ ವಾದ ಹೂಡಿದ. ಅದು ಡೈರಿ ಬರೆಯುವವರಿಗೆ ಮಾಡಿದ್ದು, ನಮಗೆ ಕೋಷ್ಟಕ ಬೇಕು ಅಂದ. ಆನಿಕೆನ್ ಕಂಪ್ಯೂಟರ್ ತಿರುಗಿಸಿ ಕೋಷ್ಟಕ ತೋರಿಸಿದಳು. ಸ್ವರಗಳ ಚಿಹ್ನೆ ಬರುವುದಿಲ್ಲ ಅಂದ. ಅದನ್ನೂ ತೋರಿಸಿದಳು. ಹಾಗಾದರೆ ಒಬ್ಬೊಬ್ಬರ ಮಾರ್ಕ್‌ಡೌನ್ ಒಂದೊಂದು ಥರ ಇರುತ್ತದೆ ಎಂದು ಕೊನೆಯದಾಗಿ ಹೇಳಿದ. ಅದು ನಿಜವೇ ಆಗಿತ್ತು, ಆದರೆ ಅಷ್ಟು ಹೊತ್ತಿಗೆ ಅವನ ದನಿ ಕೆಟ್ಟಿತ್ತು, ಯಾರೂ ಕಿವಿಗೊಡಲಿಲ್ಲ. ‘ಕುಣಿಯೋಕೆ ಬರ್ದೋರು ನೆಲ ಡೊಂಕು ಅಂದ್ರಂತೆ’ ಎಂದು ಪೋಲ್ ಟ್ರೊಂಬೋನ್ ಪೆಟ್ಟಿಗೆಗೆ ಹೇಳಿದ.

ತೀರ್ಮಾನ ಸಿಗ್ರುನ್‌ಳದು. ‘ಆನಿಕೆನ್ ಎಲ್ಲಾ ಪುಟಾನೂ ಬದಲಾಯಿಸಿ ಒಂದು ಪ್ರತಿ ಮಾಡ್ಲಿ. ತೋರ್ಲೈಫ್ ಕೂತು ಪರಿಶೀಲಿಸ್ಲಿ. ಆ ಪುಟಗಳು ಅವನಷ್ಟು ಯಾರಿಗೂ ಗೊತ್ತಿಲ್ಲ. ಏಪ್ರಿಲ್ ಸಭೇಲಿ ನೋಡೋಣ. ತೋರ್ಲೈಫ್ ಸರಿ ಅಂದ್ರೆ ಸರಿ, ಬೇಡ ಅಂದ್ರೆ ಬೇಡ.’

ಇಡೀ ಮಾರ್ಚ್ ತಿಂಗಳು ತೋರ್ಲೈಫ್ ಕಚೇರಿಯಿಂದ ಬಂದವನೇ ಅಡುಗೆಮನೆಯ ಮೇಜಿನ ಮೇಲೆ ಎರಡು ಪ್ರತಿಯನ್ನೂ ಅಕ್ಕಪಕ್ಕ ತೆರೆದುಕೊಂಡು ಕೂರುತ್ತಿದ್ದ. ಅವನು ಪರಿಶೀಲಿಸುತ್ತಿರಲಿಲ್ಲ, ಮೊಸರಲ್ಲಿ ಕಲ್ಲು ಹುಡುಕುತ್ತಿದ್ದ. ಸಿಗಲಿಲ್ಲ. ಅವಳು ಬರೆದ ಪರಿವರ್ತಕ ಅವನ ಎಲ್ಲ ಗುರುತುಗಳನ್ನೂ ಅರ್ಥಮಾಡಿಕೊಂಡಿತ್ತು. ಅವನೇ ಮರೆತಿದ್ದ ಒಂದು ಹಳೆಯ ಗುರುತನ್ನೂ ಹುಡುಕಿ ಸರಿಯಾಗಿ ಬದಲಿಸಿತ್ತು. ಅವಳು ತನ್ನ ಭಾಷೆಯನ್ನು ಅಷ್ಟು ಶ್ರದ್ಧೆಯಿಂದ ಕಲಿತಿದ್ದಾಳೆ ಎಂದು ಅವನಿಗೆ ತಿಳಿಯಿತು. ಕಲಿತದ್ದು ಅದನ್ನು ಮುಗಿಸಲಿಕ್ಕೆ ಎಂಬುದೂ ತಿಳಿದಿತ್ತು. ಹೊಟ್ಟೆಕಿಚ್ಚು ಎಂಬ ಮಾತನ್ನು ಯಾರು ಮಾಡಿದರೋ, ಸರಿಯಾದ ಜಾಗ ನೋಡಿಯೇ ಮಾಡಿದ್ದಾರೆ. ಅವನಿಗೆ ಆ ತಿಂಗಳು ಕಾಫಿ ಕುಡಿದರೂ ಹೊಟ್ಟೆಯಲ್ಲಿ ಉರಿಯುತ್ತಿತ್ತು.

ನಾನೂರ ಎಂಟನೆಯ ಪುಟದಲ್ಲಿ ಸಿಕ್ಕಿತು.

ಅದು ಮೇ ತಿಂಗಳ ರಾಷ್ಟ್ರೀಯ ದಿನದ ಮೆರವಣಿಗೆಗೆ ಬ್ಯಾಂಡು ಹೇಗೆ ತಯಾರಾಗಬೇಕು ಎಂಬ ಪುಟ. ನಮ್ಮಲ್ಲಿ ತೇದಿ ಬರೆಯುವಾಗ ಅಂಕಿಯ ಪಕ್ಕ ಒಂದು ಚುಕ್ಕೆ ಇಡುತ್ತೇವೆ. ‘17. ಮೇ’ ಎಂದರೆ ಮೇ ಹದಿನೇಳನೆಯ ತೇದಿ. ಒಂದನೇ ಕ್ಲಾಸಿನ ಮಗುವಿಗೂ ಆ ಚುಕ್ಕೆ ಗೊತ್ತು. ಆನಿಕೆನ್ ಆರಿಸಿದ ಥರದ ಮಾರ್ಕ್‌ಡೌನ್‌ಗೆ ಗೊತ್ತಿಲ್ಲ. ಸಾಲಿನ ಮೊದಲಲ್ಲಿ ಅಂಕಿ, ಪಕ್ಕದಲ್ಲಿ ಚುಕ್ಕೆ ಕಂಡರೆ ಅದು ಪಟ್ಟಿ ಎಂದುಕೊಳ್ಳುತ್ತದೆ. ಪಟ್ಟಿ ಅಂದಮೇಲೆ ಒಂದರಿಂದ ಶುರುವಾಗಬೇಕಲ್ಲ ಎಂದು ನೀವು ಬರೆದ ಅಂಕಿಯನ್ನು ತೆಗೆದು ಒಂದು ಹಾಕುತ್ತದೆ. ಎಡಗಡೆಯ ಪ್ರತಿಯಲ್ಲಿ ‘17. ಮೇ, ಬೆಳಿಗ್ಗೆ ಏಳಕ್ಕೆ ಎಲ್ಲರೂ ಸಮವಸ್ತ್ರದಲ್ಲಿ’ ಎಂದಿತ್ತು. ಬಲಗಡೆಯದರಲ್ಲಿ ‘1. ಮೇ, ಬೆಳಿಗ್ಗೆ ಏಳಕ್ಕೆ ಎಲ್ಲರೂ ಸಮವಸ್ತ್ರದಲ್ಲಿ’ ಎಂದಿತ್ತು. ಇಡೀ ದೇಶದ ಹಬ್ಬವನ್ನು ಬರ್ಗೆನ್ನಿನ ಹುಡುಗಿ ಕಾರ್ಮಿಕರ ದಿನಕ್ಕೆ ಎತ್ತಿ ಹಾಕಿದ್ದಳು.

ತೋರ್ಲೈಫ್ ಒಬ್ಬನೇ ಗಟ್ಟಿಯಾಗಿ ನಕ್ಕ. ಹದಿನಾಲ್ಕು ವರ್ಷದ ಹಿಂದಿನ ಆ ಎರಡು ಶನಿವಾರಗಳು ಇದಕ್ಕೇ ಅಲ್ಲವೇ? ಇದೇ ಚುಕ್ಕೆಗಾಗಿ ತಾನೇ ಅವನು ಅಂಕಿ ಬಿಟ್ಟು # ಹಿಡಿದದ್ದು? ಇಡೀ ಜಗತ್ತು ಒಪ್ಪಿದ ಭಾಷೆಗೆ ಹೊಳೆಯದ್ದು ನೀರು ಕಚೇರಿಯ ತೋರ್ಲೈಫನಿಗೆ ಹೊಳೆದಿತ್ತು. ಸಾಲಿನ ಮೊದಲು ತೇದಿ ಇರುವ ಪುಟಗಳನ್ನು ಹುಡುಕಿ ಎಣಿಸಿದ, ಮೂವತ್ತೊಂದು. ಹದಿನೇಳು ಒಂದಾದ ಖುಷಿಯಲ್ಲಿ ಉಳಿದ ಮೂವತ್ತರಲ್ಲಿ ಏನೇನು ಏನೇನಾಗಿದೆ ಎಂದು ನಿಂತು ಓದಲಿಲ್ಲ.

ಮರುದಿನವೇ ಆನಿಕೆನ್‌ಳ ಸಂದೇಶ ಬಂತು. ‘ಏನಾದ್ರೂ ಸಿಕ್ತಾ? ನಂಗೆ ಪಟ್ಟಿಗಳ ಮೇಲೇ ಅನುಮಾನ. ಅದನ್ನ ಸ್ವಲ್ಪ ಜಾಸ್ತಿ ನೋಡ್ತೀಯಾ, ಪ್ಲೀಸ್.’

ಹೇಳಿದರೆ ಹತ್ತು ನಿಮಿಷದಲ್ಲಿ ಸರಿಮಾಡುತ್ತಾಳೆ. ಎಲ್ಲರೂ ಅವಳನ್ನೇ ಹೊಗಳುತ್ತಾರೆ. ಹೇಳದಿದ್ದರೆ ಏಪ್ರಿಲ್ ಸಭೆಯಲ್ಲಿ ಅವನು ಎದ್ದು ಆ ಪುಟವನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಬಹುದು. ಪೋಲ್ ನಗುವುದು ಅವಳನ್ನು ನೋಡಿ. ಸಿಗ್ರುನ್ ನೋಡುವುದು ಇವನನ್ನು. ಅವನು ಕಾಫಿ ಮುಗಿಸಿ ಉತ್ತರ ಬರೆದ: ‘ನೋಡಿದೆ. ಎಲ್ಲ ಸರಿ ಇದೆ.’

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಈಸ್ಟರ್ ರಜೆಗೆ ವಾರವಿರುವಾಗ ಸಿಗ್ರುನ್ ಎಲ್ಲರಿಗೂ ಪತ್ರ ಹಾಕಿದಳು. ‘ತೋರ್ಲೈಫ್ ಎಲ್ಲ ನೋಡಿ ಸರಿ ಅಂದಿದ್ದಾನಂತೆ. ಇನ್ನು ಸಭೆ ಯಾಕೆ? ಆನಿಕೆನ್ ಈ ಭಾನುವಾರವೇ ಬದಲಾಯಿಸಲಿ. ಇಬ್ಬರಿಗೂ ಥ್ಯಾಂಕ್ಸ್. ತೋರ್ಲೈಫ್, ನಿನಗೆ ಇದು ಸುಲಭದ ಮಾತಲ್ಲ ಅಂತ ನಂಗೊತ್ತು. ದೊಡ್ಡ ಮನಸ್ಸು ನಿಂದು.’

ಅವನು ಆ ಪತ್ರವನ್ನು ನಾಲ್ಕು ಸಲ ಓದಿದ. ದೊಡ್ಡ ಮನಸ್ಸು ಎಂಬಲ್ಲಿ ಪ್ರತಿಸಲವೂ ಕಣ್ಣು ತಪ್ಪಿಸಿದ.

ಭಾನುವಾರ ವಿಕಿ ಬದಲಾಯಿತು. ಸೋಮವಾರ ಎಲ್ಲರೂ ಈಸ್ಟರಿನ ರೂಢಿಯಂತೆ ಕಿತ್ತಳೆ ಹಣ್ಣು, ಕೊಲೆಯ ಕಾದಂಬರಿ, ಸ್ಕೀ ಕಟ್ಟಿಕೊಂಡು ಬೆಟ್ಟದ ಗುಡಿಸಲುಗಳಿಗೆ ಹೋದರು. ಊರು ಖಾಲಿಯಾಯಿತು. ತೋರ್ಲೈಫ್ ಊರಲ್ಲೇ ಉಳಿದ. ಗುಡ್ ಫ್ರೈಡೇ ದಿನ ಮಧ್ಯಾಹ್ನ ಮೇ ಹದಿನೇಳರ ಪುಟ ತೆರೆದು, ಚುಕ್ಕೆಯ ಮುಂದೆ ಹಿಂದಕ್ಕೆ ವಾಲಿದ ಒಂದು ಗೆರೆ ಹಾಕಿದ. ಅಷ್ಟು ಹಾಕಿದರೆ ಸಾಕು, ಮಾರ್ಕ್‌ಡೌನ್ ಅದನ್ನು ಪಟ್ಟಿ ಅಂದುಕೊಳ್ಳುವುದಿಲ್ಲ. ‘ಉಳಿಸು’ ಗುಂಡಿಯ ಮೇಲೆ ಬೆರಳಿಟ್ಟ. ಆದರೆ ವಿಕಿಯಲ್ಲಿ ಪ್ರತಿ ಬದಲಾವಣೆಗೂ ಚರಿತ್ರೆ ಇರುತ್ತದೆ: ಯಾರು, ಯಾವಾಗ, ಏಕೆ. ಅದನ್ನು ಯಾರೂ ಅಳಿಸುವಂತಿಲ್ಲ. ಆ ನಿಯಮ ಮಾಡಿದವನೂ ಅವನೇ. ಈಗ ತಾನೇ ಕಂಡಿತು ಎಂದು ಬರೆಯಬಹುದಿತ್ತು. ಆಗ ಅವನು ಸರಿಯಾಗಿ ನೋಡಲಿಲ್ಲ ಎಂದಾಗುತ್ತದೆ. ಮೊದಲೇ ಕಂಡಿತ್ತು ಎಂದರೆ ಇನ್ನೂ ಕೆಟ್ಟದ್ದಾಗುತ್ತದೆ. ಇದೆಲ್ಲ ಸಬೂಬು. ಒಳಗೆ ಇನ್ನೊಂದು ಆಸೆ ಇತ್ತು. ಮೇ ಬರಲಿ, ಯಾರಾದರೂ ಆ ಪುಟ ತೆರೆದು ನಗಲಿ, ಆನಿಕೆನ್ ಮುಖ ಕೆಂಪಾಗಲಿ. ಅವನು ಉಳಿಸದೆ ಪುಟ ಮುಚ್ಚಿದ.

ಮೇ ಒಂದನೇ ತೇದಿ ಬೆಳಿಗ್ಗೆ ಹತ್ತೂವರೆಗೆ ಅವನ ಫೋನ್ ಬಡಿಯಿತು. ಒಬ್ಬ ಹೆಂಗಸಿನ ದನಿ.

‘ತೋರ್ಲೈಫ್ ಅವ್ರಾ? ಪುಟದ ಕೆಳಗೆ ನಿಮ್ಮ ನಂಬರಿತ್ತು. ನಾನು ತುರಿದ್ ಅಂತ, ದ್ವೀಪದ ಬ್ಯಾಂಡಿನ ಹೊಸ ಮುಖ್ಯಸ್ಥೆ. ಬ್ಯಾಂಡುಗಳ ಸಮ್ಮೇಳನ ಅಂತ ನಾವು ಬಂದು ನಿಂತಿದ್ದೀವಿ. ಶಾಲೆ ಬಾಗಿಲು ಹಾಕಿದೆ. ಇಲ್ಲಿ ಯಾರೂ ಇಲ್ಲ.’

ಅವನಿಗೆ ಮೊದಲು ಅರ್ಥವಾಗಲಿಲ್ಲ. ಸಮ್ಮೇಳನ ಸಿಗ್ರುನ್ ಶಾಲೆಯಲ್ಲಿ ನಡೆಯುವುದು ಹತ್ತನೇ ತೇದಿಗೆ. ‘10. ಮೇ, ಹನ್ನೊಂದು ಗಂಟೆಗೆ’ ಎಂದು ಆ ಪುಟ ಬರೆದವನೂ ಅವನೇ.

‘ಯಾವ ತೇದಿ ಅಂತ ಇತ್ತು?’ ಎಂದು ಕೇಳಿದ. ಕೇಳುವಾಗಲೇ ಗೊತ್ತಾಗಿತ್ತು.

‘ಒಂದನೇ ತೇದಿ ಅಂತ. ರಜೆ ದಿನ ಅಲ್ವಾ, ಅದಕ್ಕೇ ಇಟ್ಟಿರಬೇಕು ಅಂದ್ಕೊಂಡೆ. ಹಳೇ ಮುಖ್ಯಸ್ಥರಿಗೆ ಕಾಗದ ಬಂದಿತ್ತೋ ಏನೋ, ನನಗೇನೂ ಕೊಟ್ಟಿಲ್ಲ. ನಾನೇ ತಪ್ಪು ಓದಿದೆನಾ?’

ಹದಿನೇಳು ಒಂದಾದರೆ ನಗು ಬರುತ್ತದೆ, ಯಾರೂ ಮೋಸ ಹೋಗುವುದಿಲ್ಲ. ಹತ್ತು ಒಂದಾದರೆ ನಂಬುತ್ತಾರೆ. ಉಳಿದ ಮೂವತ್ತು ಪುಟ ಓದದೆ ಬಿಟ್ಟದ್ದು ಈಗ ನೆನಪಾಯಿತು. ತೋರ್ಲೈಫ್ ಕೋಟಿನ ಗುಂಡಿ ಹಾಕದೆ ಮನೆಯಿಂದ ಹೊರಟ. ಬಸ್ಸಿನಲ್ಲಿ ಕೂತು ಸಿಗ್ರುನ್‌ಗೂ ಆನಿಕೆನ್‌ಗೂ ಫೋನ್ ಮಾಡಿದ. ‘ಏನೋ ತೇದಿ ತಪ್ಪಾಗಿದೆಯಂತೆ’ ಎಂದಷ್ಟೇ ಹೇಳಿದ.

ಶಾಲೆಯ ಅಂಗಳದಲ್ಲಿ ಹತ್ತೊಂಬತ್ತು ಮಕ್ಕಳು ನೀಲಿ ಸಮವಸ್ತ್ರದಲ್ಲಿ ಗೋಡೆಯುದ್ದಕ್ಕೂ ಕೂತು ಬ್ರೆಡ್ಡಿನ ಪೊಟ್ಟಣ ಬಿಚ್ಚಿದ್ದರು. ಬೆಳಿಗ್ಗೆ ಆರಕ್ಕೆ ಹೊರಟವರು. ಜೊತೆಗೆ ಬಂದ ನಾಲ್ವರು ತಂದೆತಾಯಿಯರು ಬಸ್ಸಿನ ಪಕ್ಕ ಬೇರೆಯೇ ನಿಂತಿದ್ದರು. ‘ಒಂದು ತೇದಿ ಓದೋಕೂ ಬರಲ್ಲ ಅಂದ್ರೆ’ ಎಂದು ಒಬ್ಬ ಹೇಳುತ್ತಿದ್ದ, ತುರಿದ್‌ಗೆ ಕೇಳಲಿ ಎಂದೇ. ತುರಿದ್ ಅಂಗಳದ ನಡುವೆ ಫೋನ್ ಹಿಡಿದು ಒಬ್ಬಳೇ ನಿಂತಿದ್ದಳು. ಇವನನ್ನು ಕಂಡು ಹತ್ತಿರ ಬಂದಳು.

‘ಕ್ಷಮಿಸಿ, ರಜೆ ದಿನ ನಿಮ್ಮನ್ನ ಎಬ್ಬಿಸಿದೆ. ಮೊದಲನೇ ಸಲ ನಾನು ಕರ್ಕೊಂಡು ಬಂದಿದ್ದು. ಇನ್ನೊಂದು ಸಲ ಯಾರನ್ನಾದ್ರೂ ಕೇಳಿ ಖಾತ್ರಿ ಮಾಡ್ಕೋಬೇಕಿತ್ತು.’

ನೀವು ಓದಿದ್ದು ಸರಿ ಎಂಬ ಒಂದು ಮಾತು ಅವನ ನಾಲಿಗೆಯ ಮೇಲಿತ್ತು. ಆ ಮಾತು ಹೊರಬಂದರೆ ಅದರ ಬಾಲ ಹಿಡಿದು ಉಳಿದದ್ದೂ ಬರುತ್ತದೆ. ಅವನು ಮಕ್ಕಳಿಗೆ ನೀರು ಬೇಕಾ ಎಂದು ಕೇಳಿದ.

ಅಷ್ಟರಲ್ಲಿ ಆನಿಕೆನ್ ಸೈಕಲ್ ತುಳಿಯುತ್ತ ಬಂದಳು. ತುರಿದ್‌ಳ ಫೋನ್ ಇಸಿದುಕೊಂಡು ಆ ಪುಟ ನೋಡಿದಳು. ಆಮೇಲೆ ಬಸ್ಸಿನ ಪಕ್ಕ ನಿಂತವರಿಗೂ ಕೇಳುವಂತೆ, ತನ್ನ ಆ ಬರ್ಗೆನ್ ಗಂಟಲಲ್ಲಿ, ಹೇಳಿದಳು. ‘ಇವ್ರು ಓದಿದ್ದು ಸರಿಯಾಗೇ ಇದೆ. ನಮ್ಮ ಪುಟಾನೇ ತಪ್ಪು. ಅಲ್ಲಿ ಹತ್ತು ಅಂತ ಇತ್ತು, ನಾನು ಬದಲಾಯಿಸೋವಾಗ ಒಂದಾಯ್ತು. ತಪ್ಪು ನಂದು.’ ತೋರ್ಲೈಫನ ಕಡೆ ತಿರುಗಿ ದನಿ ತಗ್ಗಿಸಿದಳು. ‘ನೀನು ಆರುನೂರು ಪುಟ ನೋಡಿದ್ದೀಯ. ಒಂದು ಚುಕ್ಕೆ ಕಣ್ತಪ್ಪೋದು ಸಹಜ. ನೀನು ಬೇಜಾರು ಮಾಡ್ಕೋಬೇಡ.’

ಅವಳ ಮುಖ ಕೆಂಪಾಗಿತ್ತು. ಎರಡು ತಿಂಗಳಿಂದ ಅವನು ನೋಡಬೇಕೆಂದಿದ್ದದ್ದು ಇದನ್ನೇ. ಈಗ ನೋಡಲಾಗಲಿಲ್ಲ.

ಮಕ್ಕಳ ದಿನ ಹಾಳಾಗಲಿಲ್ಲ, ಆ ಪುಣ್ಯ ಪೋಲನದು. ಸಿಗ್ರುನ್ ದಾರಿಯಿಂದಲೇ ಅವನಿಗೆ ಫೋನ್ ಮಾಡಿದ್ದಳು. ಅವನು ಕಾರ್ಮಿಕರ ಮೆರವಣಿಗೆಯ ಬಾವುಟ ಹಿಡಿದು ಪೇಟೆಯಲ್ಲಿ ನಿಂತಿದ್ದ. ‘ಬ್ಯಾಂಡಾ? ಕಳ್ಸಿ ಕಳ್ಸಿ, ನಮ್ಮದು ಕೈಕೊಟ್ಟಿದೆ’ ಅಂದ. ಹೀಗೆ ದ್ವೀಪದ ಹತ್ತೊಂಬತ್ತು ಮಕ್ಕಳು ಬಸ್ ಚಾಲಕರ ಸಂಘದ ಹಿಂದೆ ನಡೆದರು. ಅವರಿಗೆ ಬರುತ್ತಿದ್ದದ್ದು ರಾಷ್ಟ್ರೀಯ ದಿನದ ಮಾರ್ಚುಗಳು ಮಾತ್ರ. ಒಂದನೇ ತೇದಿ ಪೇಟೆಯಲ್ಲಿ ಹದಿನೇಳರ ಹಾಡು ಕೇಳಿ ಮುದುಕರು ಕಿಟಕಿ ತೆರೆದು ಕ್ಯಾಲೆಂಡರ್ ನೋಡಿಕೊಂಡರು ಎಂದು ಪೋಲ್ ಈಗಲೂ ಹೇಳುತ್ತಾನೆ.

ಮೆರವಣಿಗೆ ಮುಗಿದು ಬಸ್ಸು ದ್ವೀಪಕ್ಕೆ ಹೊರಟಮೇಲೆ ಸಿಗ್ರುನ್ ಕೆಂಪು ಕಾರಿನ ಬಾಗಿಲು ತೆರೆದಳು. ‘ತೋರ್ಲೈಫ್, ಹತ್ತು. ಮುಂದೆ ಕೂತ್ಕೋ.’

ಅವನು ಕೂತ. ಸೀಟು ಮುಂದಕ್ಕೆ ಎಳೆದಿತ್ತು, ಮಂಡಿ ಎದುರಿನ ಹಲಗೆಗೆ ತಾಗಿತು. ಹಿಡಿಕೆಗೆ ಕೈ ಹಾಕಲು ಮನಸ್ಸಾಗಲಿಲ್ಲ. ಸಿಗ್ರುನ್ ನದಿಯ ಸೇತುವೆ ದಾಟಿಸಿದಳು.

‘ಅಂಕಿ ಬೇಡ, ಹ್ಯಾಶ್ ಹಾಕೋಣ ಅಂತ ನೀನು ಮಾಡಿದ್ದೆಯಲ್ಲ’ ಅಂದಳು. ‘ಯಾಕೆ ಅಂತ ಒಂದಿನ ನಂಗೆ ಹೇಳಿದ್ದೆ. ನಮ್ಮ ತೇದಿಗೆ ಚುಕ್ಕೆ ಇದೆ, ಪಟ್ಟಿಗೂ ಅದೇ ಚುಕ್ಕೆ ಕೊಟ್ರೆ ಒಂದಿನ ತೇದಿ ಹಾಳಾಗುತ್ತೆ ಅಂತ.’

‘ನೀನು ಕೈಗವಸು ಹುಡುಕ್ತಿದ್ದೆ’ ಅಂದ ತೋರ್ಲೈಫ್.

‘ಹುಡುಕ್ತಾ ಕೇಳ್ತಿದ್ದೆ. ಎಷ್ಟು ದೂರ ಯೋಚಿಸ್ತಾನಪ್ಪ ಇವನು ಅಂತ ಅನ್ನಿಸ್ತು. ಬಾಯಿಬಿಟ್ಟು ಹೇಳ್ಬೇಕಿತ್ತು, ಹೇಳ್ಲಿಲ್ಲ. ಆಮೇಲೆ ಯಾವಾಗ್ಲೂ ನೆನಪಾಗೋದು.’ ಅವಳು ಕೆಂಪು ದೀಪದಲ್ಲಿ ಕಾರು ನಿಲ್ಲಿಸಿದಳು. ‘ಆನಿಕೆನ್‌ಗೆ ನಿನ್ನ ಕಣ್ತಪ್ಪಿದೆ ಅಂತ ನಂಬಿಕೆ. ನಂಗೆ ಇಲ್ಲ. ಹದಿನಾಲ್ಕು ವರ್ಷದ ಹಿಂದೆ ಯಾರಿಗೂ ಕಾಣದ ಚುಕ್ಕೆ ಕಂಡಿತ್ತು ನಿಂಗೆ. ಈಗ ಕಾಣ್ಲಿಲ್ವಾ?’

ಹದಿನಾಲ್ಕು ವರ್ಷ ಅವನು ಕಾದಿದ್ದು ಇದಕ್ಕೇ, ತಾನು ಮಾಡಿದ್ದು ಒಬ್ಬರಿಗಾದರೂ ಅರ್ಥವಾಗಲಿ ಎಂದು. ಅವಳಿಗೆ ಮೊದಲ ದಿನವೇ ಅರ್ಥವಾಗಿತ್ತು. ಅರ್ಥವಾಗಿದ್ದಕ್ಕೇ ಈಗ ಅವನು ಸಿಕ್ಕಿಬಿದ್ದಿದ್ದ.

‘ಕಾಣಿಸ್ತು’ ಅಂದ.

ದೀಪ ಹಸಿರಾಯಿತು. ಹಿಂದಿನ ಕಾರಿನವನು ಹಾರ್ನ್ ಹೊಡೆದಮೇಲೆ ಸಿಗ್ರುನ್ ಕಾರು ಬಿಟ್ಟಳು. ಅವನ ಮನೆಯ ಮುಂದೆ ನಿಲ್ಲಿಸಿ, ಅವನ ಮುಖ ನೋಡದೆ ಹೇಳಿದಳು. ‘ಮಂಗಳವಾರ ಹಿಲ್ಲಾ ಬಿಡ್ತೀನಿ ಅಂತಿದ್ದಾಳೆ ಆ ಹುಡುಗಿ. ಮಕ್ಕಳಿಗೆ ಹೀಗಾಯ್ತಲ್ಲ, ತಾನು ಇದಕ್ಕೆ ಲಾಯಕ್ಕಿಲ್ಲ ಅಂತ. ನಾನೇನೂ ಹೇಳಲ್ಲ. ಹೇಳೋದು ನಂದಲ್ಲ.’

ಅಡುಗೆಮನೆಯಲ್ಲಿ ಸಂಜೆಯ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ತೋರ್ಲೈಫ್ ಕೋಟು ತೆಗೆಯದೆ ಕೂತ. ಸುಮ್ಮನಿದ್ದರೆ ಆನಿಕೆನ್ ಹೋಗುತ್ತಾಳೆ. ಬನ್ನು ಹೋಗುತ್ತದೆ. ಮುಂದಿನ ಸೀಟು ಖಾಲಿಯಾಗುತ್ತದೆ. ಆದರೆ ಆ ಸೀಟಿಗೆ ಅವನನ್ನು ಇನ್ನು ಯಾರೂ ಕರೆಯುವುದಿಲ್ಲ. ಕರೆದರೂ ಅವನಿಗೆ ಕೂರಲು ಮುಖವಿಲ್ಲ.

ಸಮ್ಮೇಳನದ ಪುಟ ತೆರೆದ. ಅಂಕಿಯ ಪಕ್ಕ ಹಿಂದಕ್ಕೆ ವಾಲಿದ ಗೆರೆ ಹಾಕಿದ, ಒಂದು ಮತ್ತೆ ಹತ್ತಾಯಿತು. ‘ಬದಲಾವಣೆಗೆ ಕಾರಣ’ ಎಂಬ ಸಣ್ಣ ಚೌಕದಲ್ಲಿ ಎರಡು ಸಲ ಬರೆದು ಎರಡು ಸಲ ಅಳಿಸಿ, ಮೂರನೆಯ ಸಲ ಬರೆದದ್ದನ್ನು ಉಳಿಸಿದ: ‘ಈ ತಪ್ಪು ನನಗೆ ಮಾರ್ಚಿನಿಂದಲೇ ಗೊತ್ತಿತ್ತು. ಆನಿಕೆನ್ ಕೇಳಿದಾಗ ಎಲ್ಲ ಸರಿ ಇದೆ ಎಂದು ಸುಳ್ಳು ಹೇಳಿದೆ. ತೋರ್ಲೈಫ್ ಮೊಸ್ಬಾಕ್.’ ಉಳಿದ ಮೂವತ್ತು ಪುಟಗಳನ್ನೂ ಒಂದೊಂದಾಗಿ ತೆರೆದು, ಓದಿ, ಸರಿಮಾಡಿದ. ಪ್ರತಿ ಪುಟದ ಕಾರಣದ ಚೌಕದಲ್ಲೂ ಅದೇ ಮಾತನ್ನು ಕೈಯಾರೆ ಬರೆದ. ಎಲ್ಲ ಮುಗಿದ ಮೇಲೆ ಆ ಬದಲಾವಣೆಗಳ ಚರಿತ್ರೆಯ ಕೊಂಡಿಯನ್ನು ಆನಿಕೆನ್‌ಗೂ ತುರಿದ್‌ಗೂ ಕಳಿಸಿದ.

ಆನಿಕೆನ್ ಹಿಲ್ಲಾ ಬಿಡಲಿಲ್ಲ. ಬೇಸಿಗೆ ರಜೆ ಬರುವವರೆಗೂ ಅವನೊಡನೆ ಮಾತಾಡಲೂ ಇಲ್ಲ, ಅವನು ತಂದ ವಾಫಲ್ ಮುಟ್ಟಲೂ ಇಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ಅವನು ತಾನೇ ಎರಡು ತಿಂದು ಡಬ್ಬಿ ಮುಚ್ಚುತ್ತಿದ್ದ. ಆಗಸ್ಟಿನಲ್ಲಿ ಒಂದು ಮಂಗಳವಾರ ಅವಳು ಬಂದು ಒಂದನ್ನು ಎತ್ತಿಕೊಂಡು, ಏಲಕ್ಕಿ ಜಾಸ್ತಿಯಾಯಿತು ಅಂದಳು.

ಈಗ ದಪ್ಪ ಅಕ್ಷರ ಹೇಗೆ ಎಂದು ಯಾರೂ ತೋರ್ಲೈಫನಿಗೆ ಫೋನ್ ಮಾಡುವುದಿಲ್ಲ. ಅವನು ಒಂದಿಡೀ ಚಳಿಗಾಲ ಕೂತು ಕಟ್ಟಿದ ಭಾಷೆಯ ಒಂದು ಗುರುತೂ ವಿಕಿಯಲ್ಲಿ ಉಳಿದಿಲ್ಲ. ಮೂವತ್ತೊಂದು ಪುಟಗಳ ಚರಿತ್ರೆಯಲ್ಲಿ ಅವನು ಬರೆದ ಆ ಸಾಲು ಮಾತ್ರ ಹಾಗೇ ಇದೆ, ಅದನ್ನು ಅಳಿಸಲು ಬರುವುದಿಲ್ಲ.